ಅಲೆಯ ದಿಕ್ಕು, ಮರಳಿನ ಲೆಕ್ಕ

ಮುಂಗಾರು ಬಲಗೊಂಡೊಡನೆ ಉಳ್ಳಾಲ, ಸೋಮೇಶ್ವರ, ಮರವಂತೆಗಳಿಂದ ಕಡಲ್ಕೊರೆತದ ಸುದ್ದಿ ಬರುತ್ತದೆ, ಅದರ ಬೆನ್ನಿಗೇ ಲಾರಿಗಳಲ್ಲಿ ಬಂಡೆಗಲ್ಲುಗಳೂ ಬರುತ್ತವೆ. ಕಡಲು ಮೇಲೇರಿ ನೆಲವನ್ನು ನುಂಗುತ್ತಿದೆ, ಆದುದರಿಂದ ಅದನ್ನು ಅಡ್ಡಗಟ್ಟಬೇಕು ಎಂಬ ತಿಳಿವಳಿಕೆ ಈ ಕಲ್ಲುರಾಶಿಯ ಹಿಂದಿದೆ. ಆದರೆ ಮರಳು ದಂಡೆಯ ಅಳಿವು ಉಳಿವುಗಳನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಲ್ಲಿಗೆ ಬರುವ ಮರಳಿಗೂ ಅಲ್ಲಿಂದ ಹೋಗುವ ಮರಳಿಗೂ ಇರುವ ವ್ಯತ್ಯಾಸ. ಆ ಮರಳನ್ನು ಹೊರುವುದು ಅಲೆ.

ಮಳೆಗಾಲದ ಎತ್ತರದ, ಕಡಿದಾದ ಅಲೆಗಳು ದಂಡೆಯ ಮರಳನ್ನು ಕಿತ್ತು ತುಸು ದೂರದಲ್ಲಿ ನೀರಿನಡಿ ದಿಣ್ಣೆಯಾಗಿ ಒಟ್ಟುತ್ತವೆ. ಅಕ್ಟೋಬರ್ ನಂತರ, ದೂರದ ಸಾಗರದಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿ ಬರುವ ಉದ್ದನೆಯ, ತಗ್ಗಾದ ಅಲೆಗಳು, ಅಂದರೆ ಸ್ವೆಲ್‌ಗಳು, ಅದನ್ನು ಮೆಲ್ಲಗೆ ದಂಡೆಗೆ ಮರಳಿಸುತ್ತವೆ. ಹೀಗೆ ಕಳೆದು ಮರಳಿ ಬರುವುದು ಋತುಸಹಜವಾದ ಕೊರೆತವೇ ಹೊರತು ನಷ್ಟವಲ್ಲ.

ನಷ್ಟದ ಪ್ರಶ್ನೆ ಏಳುವುದು ಇನ್ನೊಂದು ಚಲನೆಯಲ್ಲಿ. ಅಲೆಯು ದಂಡೆಗೆ ನೇರವಾಗಿ ಬರದೆ ಓರೆಯಾಗಿ ಬಂದು ಒಡೆದಾಗ ದಡದುದ್ದಕ್ಕೂ ಒಂದು ಪ್ರವಾಹ ಹುಟ್ಟಿ, ಅಲೆ ಕದಡಿದ ಮರಳನ್ನು ಪಕ್ಕಕ್ಕೆ ಒಯ್ಯುತ್ತದೆ. ಇದನ್ನು ದಂಡೆಗುಂಟ ಸಾಗಣೆ ಎನ್ನಬಹುದು. ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸೂತ್ರದ ಪ್ರಕಾರ ಈ ಸಾಗಣೆ ಒಡೆಯುವ ಅಲೆಯ ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿರುವುದರಿಂದ, ಎತ್ತರ ಶೇ. 10ರಷ್ಟು ಹೆಚ್ಚಿದರೆ ಸಾಗುವ ಮರಳು ಸುಮಾರು ಶೇ. 27ರಷ್ಟು ಹೆಚ್ಚುತ್ತದೆ. ದಿಕ್ಕಿನ ಪರಿಣಾಮ ಇನ್ನೂ ತೀಕ್ಷ್ಣವಾದುದು: ಓರೆ ಕೋನ 4 ಡಿಗ್ರಿಯಿಂದ 8 ಡಿಗ್ರಿಗೆ ಹೊರಳಿದರೆ, ಎತ್ತರ ಒಂದಿಷ್ಟೂ ಬದಲಾಗದಿದ್ದರೂ, ಸಾಗಣೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪಶ್ಚಿಮಕ್ಕೆ ಮುಖಮಾಡಿರುವ ಕರ್ನಾಟಕದ ಕರಾವಳಿಗೆ ಮುಂಗಾರಿನಲ್ಲಿ ನೈಋತ್ಯ ಹಾಗೂ ಪಶ್ಚಿಮದಿಂದ, ಬೇಸಗೆಯಲ್ಲಿ ಗಾಳಿಯ ಬೆನ್ನೇರಿ ವಾಯವ್ಯದಿಂದ ಅಲೆಗಳು ಬರುತ್ತವೆ. ವರ್ಷದ ಕೊನೆಯಲ್ಲಿ ಉಳಿಯುವ ಲೆಕ್ಕ ಈ ಎದುರುಬದುರು ಸಾಗಣೆಗಳ ವ್ಯತ್ಯಾಸ ಮಾತ್ರ. ಅಂಥ ಕಡೆ ಅಲೆಗಳ ದಿಕ್ಕು ಕೆಲವೇ ಡಿಗ್ರಿ ಬದಲಾದರೂ ಮರಳು ಗಳಿಸುತ್ತಿದ್ದ ದಂಡೆ ಕಳೆದುಕೊಳ್ಳುವ ದಂಡೆಯಾಗಬಲ್ಲದು.

ಈ ಸಾಗಣೆಗೆ ಅಡ್ಡ ನಿಂತರೆ ಏನಾಗುತ್ತದೆಂಬುದನ್ನು ಮದರಾಸು ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿಕೊಟ್ಟಿದೆ. 1870ರ ದಶಕದಲ್ಲಿ ಅಲ್ಲಿ ಬಂದರಿನ ಅಲೆತಡೆಗೋಡೆಗಳ ಕೆಲಸ ಆರಂಭವಾದ ಮೇಲೆ, ಉತ್ತರದತ್ತ ಸಾಗುತ್ತಿದ್ದ ಮರಳು ದಕ್ಷಿಣದಲ್ಲೇ ನಿಂತು ಮರೀನಾ ಬೀಚ್ ವಿಸ್ತಾರಗೊಂಡಿತು, ಉತ್ತರದ ರಾಯಪುರಂ ಕಡೆಯ ದಂಡೆ ಸವೆಯಿತು. ಮರೀನಾದಲ್ಲಿ ಗಾಳಿಸೇವನೆಗೆ ಹೋಗುವವರು ತುಳಿಯುವ ಮರಳಿನಲ್ಲಿ ಬಹುಪಾಲು ರಾಯಪುರಂಗೆ ಸಲ್ಲಬೇಕಾಗಿದ್ದುದು! ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆ ಬಾಗಿಲಿನ ತಡೆಗೋಡೆಗಳ ಎರಡು ಬದಿಯಲ್ಲೂ ಇದೇ ಬಗೆಯ ಅಸಮತೆ ಕಂಡುಬಂದಿದ್ದು, ಉತ್ತರದ ಬೆಂಗ್ರೆಯಲ್ಲಿ ಮರಳು ಕೂಡಿದೆ, ದಕ್ಷಿಣದ ಉಳ್ಳಾಲದಲ್ಲಿ ಕೊರೆತ ತೀವ್ರಗೊಂಡಿದೆ.

ಈಗ ಅಲೆಗಳೇ ಬದಲಾಗುತ್ತಿವೆ. ಈಚಿನ ದಶಕಗಳಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಿವೆ. ಅವುಗಳ ಬಲದಷ್ಟೇ ಮುಖ್ಯವಾದುದು ಅವು ಬರುವ ಹೊತ್ತು. 2019ರ ಅಕ್ಟೋಬರಿನ ಕ್ಯಾರ್ ದಂಡೆ ಇನ್ನೂ ಚೇತರಿಸಿಕೊಳ್ಳುವ ಮೊದಲೇ ಬಂದರೆ, 2021ರ ಮೇ ತಿಂಗಳ ತೌಕ್ತೆ, ಮುಂಗಾರನ್ನು ಎದುರಿಸಲು ದಂಡೆಗೆ ತುಂಬಿದ ಮರಳು ಅತ್ಯಗತ್ಯವಾಗಿದ್ದ ಕಾಲದಲ್ಲೇ ಅಪ್ಪಳಿಸಿತು. ಅತ್ತ ಅಣೆಕಟ್ಟುಗಳೂ ನದೀಪಾತ್ರದ ಮರಳುಗಾರಿಕೆಯೂ ಸೇರಿ ಕಡಲಿಗೆ ತಲುಪಬೇಕಾದ ಮರಳನ್ನು ಒಳನಾಡಿನಲ್ಲೇ ಹಿಡಿದಿಡುತ್ತಿವೆ.

ಕಲ್ಲಿನ ಗೋಡೆ ಈ ಲೆಕ್ಕಕ್ಕೆ ಒಂದು ಹಿಡಿ ಮರಳನ್ನೂ ಸೇರಿಸುವುದಿಲ್ಲ. ಹಿಂದಿನ ಮನೆ, ರಸ್ತೆಗಳನ್ನು ಅದು ಕೆಲಕಾಲ ಕಾಯುವುದು ನಿಜ. ಆದರೆ ಅಲೆಯ ಹೊಡೆತವನ್ನು ಮರಳಿ ಚಿಮ್ಮಿಸಿ ತನ್ನ ಬುಡವನ್ನೇ ತೋಡಿಸಿಕೊಳ್ಳುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಕೊರೆತವನ್ನು ಪಕ್ಕದ ಊರಿಗೆ ದಾಟಿಸುತ್ತದೆ. ಗುತ್ತಿಗೆದಾರರಿಗೆ ಹಣ ಸಂದಾಯವಾಗಬೇಕಾದುದು ಸುರಿದ ಕಲ್ಲಿನ ಟನ್ನುಗಳ ಮೇಲಲ್ಲ, ಮೂರು ಮುಂಗಾರುಗಳ ನಂತರ ಉಳಿದ ದಂಡೆಯ ಅಗಲದ ಮೇಲೆ. ಯಾವುದೇ ಯೋಜನೆಗೆ ಮುನ್ನ ಅಲೆಯ ಎತ್ತರವನ್ನಷ್ಟೇ ಅಲ್ಲದೆ ದಿಕ್ಕನ್ನೂ ತೇಲುಮಾಪಕಗಳಿಂದ ವರ್ಷಗಟ್ಟಲೆ ಅಳೆದಿರಬೇಕು, ಅಳಿವೆಗಳಲ್ಲಿ ಹೂಳೆತ್ತಿದ ಶುದ್ಧ ಮರಳು ಆಳಸಮುದ್ರಕ್ಕೋ ಮಾರುಕಟ್ಟೆಗೋ ಹೋಗದೆ ಕೊರೆತಕ್ಕೆ ತುತ್ತಾದ ದಂಡೆಗೇ ಸೇರಬೇಕು. ವಿಶಾಖಪಟ್ಟಣದಲ್ಲಿ ಬಂದರಿನ ಹೂಳಿನ ಮರಳನ್ನು ನಗರದ ಬೀಚಿಗೆ ಹಾಯಿಸುವ ಕೆಲಸ ದಶಕಗಳಿಂದ ನಡೆದುಬಂದಿದೆ. ಉಳ್ಳಾಲದಲ್ಲಿ ಅದನ್ನು ಮಾಡಲು ಹೊಸ ವಿಜ್ಞಾನವೇನೂ ಬೇಕಾಗಿಲ್ಲ.