ಕಾರಣ ಕೇಳುವವರಿಗೆ
ಈ ವಾರ ಸಾಗರದ ಅಡಿಕೆ ಮಂಡಿಯಲ್ಲಿ ಪರಿಚಯದ ಹುಡುಗನೊಬ್ಬ ನೇರವಾಗಿ ಕೇಳಿದ: ‘ಸಾಹೇಬ್ರೇ, ಹುಟ್ಟಿದ್ದಕ್ಕೆ ಮುಸ್ಲಿಂ ಆದ್ರಿ, ಸರಿ. ಇಷ್ಟೆಲ್ಲ ಓದಿದ ಮೇಲೂ ಯಾಕೆ ಹಾಗೇ ಉಳಿದ್ರಿ?’ ಕೇಳಿದ್ದು ಒಳ್ಳೆಯದೇ ಆಯಿತು. ಹುಟ್ಟಿನಿಂದ ಇರುವವರನ್ನು ಯಾರೂ ಕಾರಣ ಕೇಳುವುದಿಲ್ಲ, ಹೊಸದಾಗಿ ಬಂದವರನ್ನು ಯಾರೂ ಬಿಡುವುದಿಲ್ಲ. ನನ್ನ ಕಾರಣ ಇಷ್ಟೇ: ಮಳೆಗಾಲದಲ್ಲಿ ಫಜರ್‌ಗೆ, ಅಂದರೆ ಮುಂಜಾನೆಯ ನಮಾಜಿಗೆ, ಕೊರೆಯುವ ನೀರಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ ಮಸೀದಿಯೊಳಗೆ ಹೋದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಉಗುರೆಲ್ಲ ನೀಲಿಗಟ್ಟಿದ ಕೂಲಿಯವನ ಭುಜಕ್ಕೆ ಭುಜ ತಾಗಿಸಿ ಮಂಡಿ ಸಾಹುಕಾರರು ನಿಂತಿರುತ್ತಿದ್ದರು. ಹೊರಗೆ ಬಂದ ಮೇಲೆ ಕೂಲಿ ಕೂಲಿಯೇ, ಸಾಹುಕಾರ ಸಾಹುಕಾರನೇ, ನಿಜ. ಆದರೂ ಚಿಕ್ಕಂದಿನಲ್ಲಿ ಕಂಡ ಆ ಸಾಲೇ ನನ್ನನ್ನು ಹಿಡಿದಿಟ್ಟಿದೆ. ಹೀಗೆ ಮನಸಾರೆ ಉಳಿದವರಂತೆ ಈ ಧರ್ಮಕ್ಕೆ ಬಲವಂತದಿಂದ ಬಂದವರೂ ಇದ್ದಾರೆ. 1783ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ಕೋಟೆಯನ್ನು ಇಂಗ್ಲಿಷರಿಗೆ ಒಪ್ಪಿಸಿದ ಶೇಖ್ ಅಯಾಜ್ ಮೂಲದಲ್ಲಿ ಮಲಬಾರಿನ ನಾಯರ್ ಹುಡುಗ, ಹೈದರಾಲಿಯ ಸೆರೆಯಲ್ಲಿ ಮುಸ್ಲಿಮನಾದವನು. ಅದರಿಂದ ನನ್ನ ಧರ್ಮಕ್ಕೆ ಗೌರವವೇನೂ ಬರಲಿಲ್ಲ. ಆದರೆ ಅಂಥ ಬಲವಂತಕ್ಕೆ ಮದ್ದೆಂದು 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆ ಸ್ವಂತ ಇಚ್ಛೆಯಿಂದ ಬರುವವರನ್ನೂ ಕಟ್ಟಿಹಾಕಿತು: 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಜಮೀನಿನ ಖಾತೆ ಬದಲಾವಣೆಯ ಹಾಗೆ ನೋಟಿಸ್ ಬೋರ್ಡಿನಲ್ಲಿ ಆಕ್ಷೇಪಣೆ ಕರೆಯಬೇಕು! ಆದರೆ ನಮ್ಮ ಕಡೆಯ ರೂಢಿಯೇ ಬೇರೆ: ತೀರ್ಥಹಳ್ಳಿ ಸೀಮೆಯ ಹಣಗೆರೆಕಟ್ಟೆಯಲ್ಲಿ ಸೈಯದ್ ಸಾದತ್ ದರ್ಗಾ, ಭೂತರಾಯ, ಚೌಡೇಶ್ವರಿ ಒಂದೇ ಸೂರಿನಡಿ ಇದ್ದಾರೆ. ಹರಕೆ ಹೊತ್ತು ಬಂದವರನ್ನು ಅಲ್ಲಿ ಯಾರೂ ಯಾಕೆ ಬಂದಿರಿ ಎಂದು ವಿಚಾರಿಸುವುದಿಲ್ಲ. ಹಾಗಾಗಿ ಆ ಮತಾಂತರ ಕಾಯ್ದೆ ರದ್ದುಪಡಿಸಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಪ್ರಾಯಕ್ಕೆ ಬಂದ ಹೆಣ್ಣುಮಗಳೊಬ್ಬಳು ತಾನೇಕೆ ನಮಾಜಿಗೆ ನಿಂತೆ ಎಂಬುದನ್ನು ಅಮ್ಮನ ಮುಂದೆ ಹೇಳಿಕೊಳ್ಳುವುದೇ ಎಷ್ಟು ಕಷ್ಟ. ಕಚೇರಿಯ ಗೋಡೆಯ ಮೇಲೆ ಅದನ್ನು ಅಂಟಿಸುವ ಹಕ್ಕು ಯಾರಿಗೂ ಬೇಡ.