ಕ್ಯಾರವಾನ್ ಬ್ಯಾಟರಿ: ಖರೀದಿ ಬೆಲೆಯೊಂದೇ ವೆಚ್ಚವಲ್ಲ

ಪ್ರವಾಸಿಗರಿಗೆ ಕ್ಯಾರವಾನ್ ಬಾಡಿಗೆಗೆ ನೀಡುವ ಉದ್ಯಮಿಗಳು ಅದರ ದೀಪ, ಫ್ಯಾನು, ಫ್ರಿಜ್‌ಗಳಿಗೆ ಬೇಕಾದ ಬ್ಯಾಟರಿಯನ್ನು ಕೊಟೇಶನ್ನಿನ ಕೊನೆಯ ಸಾಲು ನೋಡಿ ಆರಿಸುವುದುಂಟು. ಇದು ಸರಿಯಾದ ಲೆಕ್ಕವಲ್ಲ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1.2 ಯೂನಿಟ್ ವಿದ್ಯುತ್ ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಷ್ಯ ಕುಗ್ಗುವುದರಿಂದ, ಬಳಕೆಗೆ ದಕ್ಕುವುದು ಸುಮಾರು 0.6 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟನ್ನು ಧಾರಾಳವಾಗಿ ಬಳಸಬಹುದು. ಬಾಳಿಕೆಯೂ ಹಲವು ಪಟ್ಟು ಹೆಚ್ಚು. 2025ರ ಸೆಪ್ಟೆಂಬರ್ 22ರಂದು ಸೀಸದ ಬ್ಯಾಟರಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ, ಅಂದರೆ ಲಿಥಿಯಂನ ಮಟ್ಟಕ್ಕೆ ಇಳಿದ ಮೇಲೆ ಹೋಲಿಕೆ ಸುಲಭವಾಗಿದೆ.

ದಿನವೂ ದುಡಿಯುವ ವಾಹನಕ್ಕೆ, ತಕ್ಕ ಚಾರ್ಜರಿನ ವೆಚ್ಚ ಸೇರಿಸಿದರೂ, ಲಿಥಿಯಂ ಲಾಭಕರ. ವರ್ಷಕ್ಕೆ ಕೆಲವೇ ಪ್ರವಾಸ ಕಾಣುವ ವಾಹನಕ್ಕೆ ಸೀಸದ್ದೇ ಸಾಕು. ಆದರೆ ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತಾಗಲೂ ಅದಕ್ಕೆ ತಿಂಗಳಿಗೊಮ್ಮೆ ಪೂರ್ಣ ಚಾರ್ಜ್ ಆಗಬೇಕು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಬೇಕು. ಇಲ್ಲವಾದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಹೊಸ ಬ್ಯಾಟರಿಯೂ ಒಂದೇ ಹಂಗಾಮಿನಲ್ಲಿ ಸೋಲುತ್ತದೆ. ಈ ಕೆಲಸ ಯಾರದೆಂದು ಬರೆದಿಟ್ಟ ಸಂಸ್ಥೆಗಳು ವಿರಳ. ಚಾಲಕ ಮೆಕ್ಯಾನಿಕ್‌ನತ್ತ, ಮೆಕ್ಯಾನಿಕ್ ಚಾಲಕನತ್ತ ಬೆರಳು ತೋರುತ್ತಾರೆ, ಬಿಲ್ಲು ಮಾತ್ರ ಮಾಲೀಕರ ಮೇಜಿಗೆ ಬರುತ್ತದೆ.