ಸುರಂಗದ ಜತೆಗೆ ಬಾವಡಿಯೂ ಇರಲಿ

ಆದಿಲ್‌ಶಾಹಿಗಳ ವಿಜಯಪುರ ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತರಿಸಿಕೊಂಡಿತ್ತು. ಅಷ್ಟಕ್ಕೇ ನಿಲ್ಲದೆ ಊರೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ ಎಂಬ ದೊಡ್ಡ ಬಾವಿಗಳನ್ನೂ ತೋಡಿಸಿತು. ನಮ್ಮ ಇಂಟರ್ನೆಟ್ಟಿಗೆ ಹೊರಗಿನಿಂದ ತರುವ ಸುರಂಗವಿದೆ, ಊರೊಳಗಿನ ಬಾವಡಿ ಇಲ್ಲ. 2019ರ ಡಿಸೆಂಬರ್‌ನಲ್ಲಿ ಮಂಗಳೂರು ಗೋಲಿಬಾರ್ ಹೊತ್ತಿಗೆ ದಕ್ಷಿಣ ಕನ್ನಡದ ಮೊಬೈಲ್ ಇಂಟರ್ನೆಟ್ ಸ್ಥಗಿತವಾಗಲು ಒಂದು ಆದೇಶ ಸಾಕಾಯಿತು. ಅಂಥ ಆದೇಶ ಇತ್ತ ವಿಜಯಪುರಕ್ಕೆ ಬಂದರೆ ತಿಕೋಟಾದ ಬೆಳೆಗಾರನಿಗೆ ಒಣದ್ರಾಕ್ಷಿಯ ದರ ತಿಳಿಯದು. ಅದಕ್ಕಿಂತ ಮುಖ್ಯವಾಗಿ, ಬಬಲೇಶ್ವರದ ಒಂದು ಓಣಿಯ ಸುದ್ದಿ ಇನ್ನೊಂದು ಓಣಿಗೂ ಮುಟ್ಟದು.

ಆ ಬಾವಡಿಯಾಗಬಲ್ಲದ್ದು ಮೆಶ್ ಜಾಲ. ಅದರಲ್ಲಿ ಮಾಳಿಗೆಯಿಂದ ಮಾಳಿಗೆಗೆ ರೂಟರ್‌ಗಳು ಸಂದೇಶ ದಾಟಿಸುತ್ತವೆ. ನಡುವೆ ಕಂಪನಿಯ ಟವರ್ ಬೇಕಿಲ್ಲ. ಹೊರಗಿನ ಸಂಪರ್ಕ ಕಡಿದಾಗ ಅದು ಪೇಟೆಯ ದರ ಹೇಳಲಾರದು ನಿಜ, ಆದರೆ ಊರೊಳಗಿನ ಮಾತು ನಿಲ್ಲುವುದಿಲ್ಲ. ಈ ತಂತ್ರಜ್ಞಾನವನ್ನು ಪರದೇಶದ ಭಿನ್ನಮತೀಯರಿಗೆ ಒದಗಿಸಲು ಅಮೆರಿಕದ ವಿದೇಶಾಂಗ ಇಲಾಖೆ 28 ಲಕ್ಷ ಡಾಲರ್ ಕೊಟ್ಟಿತು. ಟ್ಯುನೀಷಿಯಾದ ಸಯಾದಾ ಪಟ್ಟಣದಲ್ಲಿ 2013ರ ಕೊನೆಗೆ ಪ್ರಯೋಗವೂ ಆಯಿತು. ಅದೇ ವರ್ಷ ಎಡ್ವರ್ಡ್ ಸ್ನೋಡೆನ್ ಅಮೆರಿಕ ಸರ್ಕಾರದ ಕದ್ದಾಲಿಕೆಯನ್ನು ಬಯಲಿಗೆಳೆದಿದ್ದರು. ಕದ್ದು ಕೇಳುವವನೇ ಗುಟ್ಟಿನ ಪೆಟ್ಟಿಗೆ ಕೊಟ್ಟರೆ ಪಡೆದವನಿಗೆ ಏಜೆಂಟನೆಂಬ ಹಣೆಪಟ್ಟಿ ಖಾತ್ರಿ. ಇದೇ ತಂತ್ರಜ್ಞಾನ ನಿಜಕ್ಕೂ ಗೆದ್ದದ್ದು ನ್ಯೂಯಾರ್ಕಿನ ರೆಡ್ ಹುಕ್‌ನಲ್ಲಿ. ಅಲ್ಲಿನ ಸಮುದಾಯ ಸಂಸ್ಥೆಯೊಂದು ಮೊದಲೇ ಹಾಕಿಕೊಂಡಿದ್ದ ರೂಟರ್‌ಗಳು 2012ರ ಸ್ಯಾಂಡಿ ಚಂಡಮಾರುತದಲ್ಲಿ ಕೈಹಿಡಿದವು. ವಿಪತ್ತು ನಿರ್ವಹಣೆಯ ಸರ್ಕಾರಿ ಸಂಸ್ಥೆಯೇ ತನ್ನ ಉಪಗ್ರಹ ಸಂಪರ್ಕವನ್ನು ಅವಕ್ಕೆ ಜೋಡಿಸಿತು. ದಿನನಿತ್ಯ ಬಳಕೆಯಲ್ಲಿದ್ದದ್ದೇ ಆಪತ್ತಿಗೂ ಒದಗಿತು.

ನಮ್ಮಲ್ಲೂ ಮಾದರಿಯಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಊರವರದೇ ಮೆಶ್ ಜಾಲ ಕಟ್ಟಿದೆ. ಓದು ಬಾರದವರಿಗೂ ದಕ್ಕಲೆಂದು ಧ್ವನಿಗೆ ಒತ್ತು ಕೊಟ್ಟಿದೆ. ವೈಫೈ ನಡೆಯುವ 2.4 ಗಿಗಾಹರ್ಟ್ಸ್ ತರಂಗಗಳಿಗೆ 2005ರಿಂದಲೇ ಲೈಸೆನ್ಸ್ ಬೇಡ. ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅವುಗಳ ಮಾಳಿಗೆಯ ರೂಟರ್‌ಗೆ ರಾಜ್ಯ ಹಣ ಕೊಡಲಿ, ಪಾಸ್‌ವರ್ಡ್ ಮಾತ್ರ ಗ್ರಾಮಸಭೆ ಆರಿಸಿದವರ ಕೈಯಲ್ಲಿರಲಿ.

ಗಲಭೆಕೋರರಿಗೂ ಇದು ಅನುಕೂಲವಲ್ಲವೇ ಎನ್ನುವ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಇಂಟರ್ನೆಟ್ ಕಡಿದಾಗ ವದಂತಿ ಬಾಯಿಂದ ಬಾಯಿಗೆ ಓಡುತ್ತಲೇ ಇರುತ್ತದೆ. ಅದು ಸುಳ್ಳೆಂದು ಹೇಳಬೇಕಾದ ಜಿಲ್ಲಾಧಿಕಾರಿಯ ಪ್ರಕಟಣೆ ಮಾತ್ರ ಇಂಟರ್ನೆಟ್ ಮೂಲಕ ಫೋನಿಗೆ ಬರುವುದಿಲ್ಲ. ಕಡಿಯುವುದಕ್ಕೂ ಮಿತಿಯಿದೆ: ಸ್ಥಗಿತ ಅನಿರ್ದಿಷ್ಟವಾಗಕೂಡದು, ಆದೇಶ ಪ್ರಕಟವಾಗಬೇಕು ಎಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಸರ್ಕಾರವೇ ಹಣ ಕೊಟ್ಟು ಸರ್ಕಾರವೇ ಮುಚ್ಚಿಸಿದರೆ? ಮುಚ್ಚಿಸಬಹುದು. ಟವರ್ ಇಲ್ಲದೆಯೂ ಸಂದೇಶ ದಾಟಿಸುವ ಬ್ರಯರ್ ಸೇರಿ 14 ಆ್ಯಪ್‌ಗಳನ್ನು ಕೇಂದ್ರ 2023ರಲ್ಲಿ ನಿರ್ಬಂಧಿಸಿದಾಗ ಹೆಚ್ಚಿನವರಿಗೆ ಸುದ್ದಿಯೇ ಗೊತ್ತಾಗಲಿಲ್ಲ. ಗ್ರಂಥಾಲಯದ ಮಾಳಿಗೆಯ ರೂಟರ್ ಹಾಗಲ್ಲ. ಅದನ್ನು ಬಿಚ್ಚಲು ಯಾರಾದರೂ ಹಾಡಹಗಲೇ, ಊರವರ ಕಣ್ಣೆದುರಿಗೇ ಏಣಿ ಹತ್ತಬೇಕಾಗುತ್ತದೆ.